ಹಾಳೆಬಂಡಿಯ ನಾಡಿನಲ್ಲಿ ಆಟದ ಕಾರುಗಳ ಸಂಗ್ರಹ

ಕಾಸರಗೋಡು ಜಿಲ್ಲೆಯ ಬಾಯಾರಿನ ಗುಡ್ಡಬೈಲುಗಳ ನಡುವೆ ಬಾಲ್ಯವನ್ನು ಕಳೆದವರನ್ನು, ನೀವು ಏರಿದ ಮೊತ್ತಮೊದಲ ವಾಹನ ಯಾವುದೆಂದು ಕೇಳಿದರೆ, ಉಪ್ಪಳದಿಂದ ಕನ್ಯಾನದ ಕಡೆಗೆ ಏದುಸಿರು ಬಿಡುತ್ತ ಏರಿಬರುತ್ತಿದ್ದ ಬಸ್ಸನ್ನಾಗಲಿ, ಕೆಮ್ಮಣ್ಣಿನ ದಾರಿಯಲ್ಲಿ ಜನರನ್ನು ಹೇರಿಕೊಂಡು ಓಡುತ್ತಿದ್ದ ಜೀಪನ್ನಾಗಲಿ ಅವರು ಹೆಸರಿಸಲಾರರು. ಅಡಿಕೆಮರದಿಂದ ಕಳಚಿ ಬಿದ್ದ ಹಾಳೆಯ ಅಗಲವಾದ ಭಾಗದಲ್ಲಿ ಒಬ್ಬನು ಕುಳಿತು, ಸೋಗೆಯ ತುದಿಯನ್ನು ಇನ್ನೊಬ್ಬನು ಹಿಡಿದು, ಅಂಗಳದುದ್ದಕ್ಕೂ ಎಳೆದಾಡಿದ ಆ ಹಾಳೆಬಂಡಿಯನ್ನೇ ಅವರು ನೆನೆಯುವರು. ಅದರ ತರುವಾಯ ಬಂದುದು ಸವೆದ ರಬ್ಬರು ಚಪ್ಪಲಿಯಿಂದ ಕೊರೆದು ತೆಗೆದ ಗಾಲಿಗಳ ಗಾಡಿ. ಮೂರನೆಯದಾಗಿ ನಮ್ಮ ಕೈಸೇರಿದುದು, ಅಂಗಡಿಯಿಂದ ತಂದ ಯಾವುದೋ ಡಬ್ಬಿಯ ಜತೆಗೆ ಬಿಟ್ಟಿಯಾಗಿ ಬಂದ, ಪಕ್ಕೆಯ ಮೇಲೆ ವ್ಯಾಪಾರಿಯ ಹೆಸರನ್ನು ಹೊತ್ತ, ಬೆರಳುದ್ದದ ಆಟದ ಕಾರು.

ಈ ಮೂರಕ್ಕೂ ಸಮಾನವಾದ ಒಂದು ದುರದೃಷ್ಟವುಂಟು. ಹಣ ಕೊಟ್ಟು ಕೊಂಡವುಗಳಲ್ಲವಾದುದರಿಂದ ಇವುಗಳಿಗೆ ಮನೆಯಲ್ಲಿ ಲೆಕ್ಕವಿಲ್ಲ. ಲೆಕ್ಕವಿಲ್ಲದುದರಿಂದ ರಕ್ಷಣೆಯೂ ಇಲ್ಲ. ಹಾಳೆಬಂಡಿಯು ಮಣ್ಣಿಗೆ ಸಲ್ಲುವುದು ಸಹಜಧರ್ಮವೇ ಸರಿ. ಆದರೆ ಒಂದು ಕಾಲದ ವ್ಯಾಪಾರವನ್ನೂ ಅಭಿರುಚಿಯನ್ನೂ ಅಕ್ಷರವಿನ್ಯಾಸವನ್ನೂ ತನ್ನ ಪುಟ್ಟ ಮೈಯ ಮೇಲೆ ಧರಿಸಿರುವ ಪ್ರಚಾರದ ಕಾರು ಗುಜರಿಯವನ ಗೋಣಿಗೆ ಬೀಳುವುದು ನನಗೆ ಸಹಿಸಲಾಗದ ನಷ್ಟವಾಗಿ ತೋರಿದೆ. ಹೆಚ್ಚು ವೆಚ್ಚವಿಲ್ಲದೆ, ಹಳ್ಳಿಯಲ್ಲಿಯೇ ಇದ್ದುಕೊಂಡು, ಇಂಥವನ್ನು ಕ್ರಮವರಿತು ಸಂಗ್ರಹಿಸುವ ಬಗೆಯನ್ನು ಈ ಹವ್ಯಾಸಕ್ಕೆ ಹೊಸಬರಾದವರಿಗೆ ತಿಳಿಸುವುದೇ ಈ ಲೇಖನದ ಉದ್ದೇಶ.

ಪ್ರಚಾರದ ಕಾರು ಎಂದರೆ ಯಾವುದು?

ಇವುಗಳಲ್ಲಿ ಸ್ಥೂಲವಾಗಿ ಮೂರು ವರ್ಗಗಳನ್ನು ಗುರುತಿಸಬಹುದು. ಮೊದಲನೆಯದು, ನಿಜವಾದ ಕಾರನ್ನು ತಯಾರಿಸುವವರು ತಮ್ಮ ಮಾರಾಟಗಾರರ ಮೂಲಕ ಗಿರಾಕಿಗಳಿಗೆ ಹಂಚಲು ಮಾಡಿಸಿದ ಪ್ರತಿಕೃತಿ. ಅಮೆರಿಕದ ಡೆಟ್ರಾಯಿಟಿನಲ್ಲಿ ೧೯೪೮ರಲ್ಲಿ ಆರಂಭವಾದ ಎ.ಎಂ.ಟಿ. ಎಂಬ ಸಂಸ್ಥೆಯು ಫೋರ್ಡ್ ಕಾರಿನ ಇಂಥ ಪ್ರತಿಕೃತಿಯಿಂದಲೇ ತನ್ನ ಉದ್ಯಮವನ್ನು ತೊಡಗಿತು. ಮೂಲವಾಹನದ ಇಪ್ಪತ್ತೈದನೆಯ ಒಂದಂಶದ ಅಳತೆಯಲ್ಲಿರುವ ಈ ಮಾದರಿಗಳಿಗೆ ಅಲ್ಲಿ ಇಂದಿಗೂ ಮನ್ನಣೆಯಿದೆ. ಷಿಕಾಗೋದ ಬ್ಯಾಂತ್ರಿಕೋ ಎಂಬವರು ಅದೇ ಪ್ರಮಾಣದ ಲೋಹದ ಕಾರುಗಳಲ್ಲಿ ನಾಣ್ಯ ಹಾಕುವ ಕಂಡಿಯನ್ನಿಟ್ಟು ಬ್ಯಾಂಕುಗಳಿಗೆ ಒದಗಿಸಿದರು; ಮಕ್ಕಳು ಚಿಲ್ಲರೆಯನ್ನು ಕೂಡಿಟ್ಟು ಬ್ಯಾಂಕಿಗೆ ತರಲೆಂಬುದೇ ಅದರ ಆಶಯ. ಉಡುಪಿಯಲ್ಲಿ ೧೯೨೫ರಲ್ಲಿ ಸ್ಥಾಪಿತವಾಗಿ ಮುಂದೆ ಸಿಂಡಿಕೇಟ್ ಬ್ಯಾಂಕೆಂದು ಪ್ರಖ್ಯಾತವಾದ ಸಂಸ್ಥೆಯು ೧೯೨೮ರಲ್ಲಿ ಪಿಗ್ಮಿ ಠೇವಣಿಯನ್ನು ತೊಡಗಿ, ಮನೆಬಾಗಿಲಿಗೆ ಬಂದು ದಿನಕ್ಕೆರಡಾಣೆಯಂತೆ ಸಂಗ್ರಹಿಸಿದುದನ್ನು ಹಿರಿಯರಿಂದ ಕೇಳಿ ಬಲ್ಲ ನಮಗೆ, ಅಲ್ಪವನ್ನು ಅಲ್ಪವೆಂದು ಕಡೆಗಣಿಸದ ಈ ಬುದ್ಧಿಯು ಅಪರಿಚಿತವಾದುದಲ್ಲ.

ಎರಡನೆಯ ವರ್ಗವು, ಆಟಿಕೆಯ ಕಾರ್ಖಾನೆಯವರು ತಮ್ಮಲ್ಲಿರುವ ಒಂದೇ ಅಚ್ಚಿನಿಂದ ಎರಕಹೊಯ್ದ ವ್ಯಾನಿನ ಪಕ್ಕೆಗೆ, ಕೇಳಿದ ವ್ಯಾಪಾರಿಯ ಹೆಸರನ್ನು ಮುದ್ರಿಸಿ ಕೊಟ್ಟದ್ದು. ಲಂಡನ್ನಿನಲ್ಲಿ ೧೯೪೭ರಲ್ಲಿ ಹುಟ್ಟಿದ ಲೆಸ್ನಿ ಎಂಬ ಸಂಸ್ಥೆಯ ಪಾಲುದಾರನಾದ ಜಾಕ್ ಒಡೆಲ್ ಎಂಬಾತನು, ಬೆಂಕಿಪೆಟ್ಟಿಗೆಯೊಳಗೆ ಹಿಡಿಯುವಷ್ಟರ ಆಟಿಕೆಯನ್ನು ಮಾತ್ರ ಶಾಲೆಗೆ ತರಬಹುದೆಂಬ ಕಟ್ಟಳೆಯಿದ್ದ ತನ್ನ ಮಗಳಿಗಾಗಿ ಪುಟ್ಟದೊಂದು ರಸ್ತೆಯ ರೋಲರನ್ನು ಮಾಡಿಕೊಟ್ಟುದರಿಂದ ೧೯೫೩ರಲ್ಲಿ ಮ್ಯಾಚ್‌ಬಾಕ್ಸ್ ಎಂಬ ಲೋಕಪ್ರಸಿದ್ಧವಾದ ಮಾಲಿಕೆಯು ಜನ್ಮತಾಳಿತು. ೧೯೮೨ರಲ್ಲಿ ಇದೇ ಮಾಲಿಕೆಯ ೩೮ನೆಯ ಸಂಖ್ಯೆಯಾಗಿ ಬಂದ ಫೋರ್ಡ್ ಮಾಡೆಲ್ ಎ ವ್ಯಾನು ಅಸಂಖ್ಯ ವ್ಯಾಪಾರಸಂಸ್ಥೆಗಳ ಹೆಸರುಗಳನ್ನು ಹೊತ್ತು ಹೊರಬಿದ್ದಿತು. ಅದೇ ವರ್ಷ ಲೆಸ್ನಿಯು ದಿವಾಳಿಯಾಗಲು, ಒಡೆಲನು ತನ್ನ ಹೆಸರನ್ನು ತಿರುಗುಮುರುಗಾಗಿಸಿ ಲೆಡೋ ಎಂಬ ಹೊಸ ಸಂಸ್ಥೆಯನ್ನು ಕಟ್ಟಿ, ಹಳೆಯ ಕಾಲದ ವ್ಯಾನುಗಳ ಮೈಯನ್ನು ಪ್ರಚಾರದ ಫಲಕವನ್ನಾಗಿ ಮಾಡುವ ಈ ಕಾರ್ಯವನ್ನೇ ಮುಖ್ಯವೃತ್ತಿಯನ್ನಾಗಿಸಿಕೊಂಡನು. ಲೆಡೋ ೧೯೯೯ರಲ್ಲಿ ಕುಸಿಯಿತಾದರೂ ಅದರ ವ್ಯಾನುಗಳು ಅಪಾರಸಂಖ್ಯೆಯಲ್ಲಿ ಉಳಿದಿರುವುದರಿಂದ, ಅಗ್ಗದಲ್ಲಿ ಸಂಗ್ರಹವನ್ನು ಆರಂಭಿಸುವವನಿಗೆ ಅವು ಅತ್ಯಂತ ಅನುಕೂಲವಾದವು.

ಮೂರನೆಯದು ತಿನಿಸಿನ ಅಥವಾ ದಿನಬಳಕೆಯ ಸಾಮಾನಿನ ಪೊಟ್ಟಣದೊಳಗೆ ಅಡಗಿ ಬಂದದ್ದು. ಬಿನಾಕಾ ಹಲ್ಲುಜ್ಜುವ ಪೇಸ್ಟಿನ ಪೆಟ್ಟಿಗೆಯಲ್ಲಿ ದೊರೆಯುತ್ತಿದ್ದ ಪ್ಲಾಸ್ಟಿಕ್ಕಿನ ಪುಟ್ಟ ಪ್ರಾಣಿಪಕ್ಷಿಗಳನ್ನು ಹಿರಿಯ ಓದುಗರು ಮರೆತಿರಲಾರರು. ಇಟಲಿಯಲ್ಲಿ ೧೯೭೪ರಲ್ಲಿ ಬಂದ ಕಿಂಡರ್ ಮೊಟ್ಟೆಯೂ ಅಮೆರಿಕದಲ್ಲಿ ೧೯೭೯ರಲ್ಲಿ ಮೆಕ್‌ಡೊನಾಲ್ಡ್ಸಿನವರು ತೊಡಗಿದ ಮಕ್ಕಳ ಊಟದ ಡಬ್ಬಿಯೂ ಇದೇ ವಂಶಕ್ಕೆ ಸೇರಿದವು. ಮೂರರಲ್ಲಿ ಇದೇ ಅತ್ಯಂತ ಅಗ್ಗವಾದುದು, ಆದುದರಿಂದಲೇ ಅತ್ಯಂತ ಬೇಗನೆ ನಾಶವಾಗತಕ್ಕದ್ದು.

ನಮ್ಮ ದೇಶದ ಪಾಲೂ ಸಣ್ಣದಲ್ಲ. ಇಂಗ್ಲೆಂಡಿನ ಡಿಂಕಿ ಆಟಿಕೆಗಳ ಹಳೆಯ ಅಚ್ಚುಗಳನ್ನು ತರಿಸಿಕೊಂಡು ಕಲ್ಕತ್ತೆಯಲ್ಲಿ ನಿಕಿ ಟಾಯ್ಸ್ ಎಂಬ ಹೆಸರಿನಿಂದ ಲೋಹದ ಕಾರುಗಳನ್ನು ಎರಕ ಹೊಯ್ಯುತ್ತಿದ್ದರು; ೧೯೮೦ರ ದಶಕದಲ್ಲಿ ಲಿಯೋ ಮ್ಯಾಟೆಲ್ ಎಂಬ ಹೆಸರಿನಲ್ಲಿ ಹಾಟ್ ವೀಲ್ಸ್ ಕಾರುಗಳು ಇಲ್ಲಿಯೇ ತಯಾರಾದವು; ಹಿಂದಕ್ಕೆಳೆದು ಬಿಟ್ಟರೆ ಮುಂದಕ್ಕೋಡುವ ಸೆಂಟಿ ಕಾರುಗಳಲ್ಲಿ ನಮ್ಮ ಅಂಬಾಸಿಡರು, ಜೀಪು, ರಿಕ್ಷಾಗಳು ರೂಪುಗೊಂಡಿವೆ. ಇವೆಲ್ಲವೂ ಪ್ರಚಾರಕ್ಕಾಗಿಯೇ ಹುಟ್ಟಿದವುಗಳಲ್ಲವಾದರೂ, ೨೦೧೪ರಲ್ಲಿ ಉತ್ಪಾದನೆ ನಿಂತುಹೋದ ಅಂಬಾಸಿಡರಿನ ನೆನಪನ್ನು ಅಲ್ಪಬೆಲೆಯಲ್ಲಿ ಕಾಯ್ದುಕೊಡುವ ಉಪಕಾರಕ್ಕಾಗಿ ಅವುಗಳಿಗೆ ಸಂಗ್ರಹದಲ್ಲೊಂದು ಮೂಲೆಯನ್ನು ಕೊಡುವುದು ನ್ಯಾಯವಾಗಿದೆ.

ಎಲ್ಲಿ ಹುಡುಕಬೇಕು?

ಹುಡುಕುವುದನ್ನು ಸ್ವಂತ ಮನೆಯ ಅಟ್ಟದಿಂದಲೇ ತೊಡಗಬೇಕು. ಹಳೆಯ ಟ್ರಂಕು, ಹೊಲಿಗೆಯಂತ್ರದ ಸೆಳೆಖಾನೆ, ಮಕ್ಕಳು ದೊಡ್ಡವರಾದ ಮೇಲೆ ಯಾರೂ ತೆರೆಯದ ಬಿಸ್ಕತ್ತಿನ ಡಬ್ಬಿ, ಇವು ಪ್ರಥಮ ಕ್ಷೇತ್ರಗಳು. ಎರಡನೆಯದು ನೆಂಟರಿಷ್ಟರ ಮನೆಯ ಗಾಜಿನ ಶೋಕೇಸು. ನಮ್ಮ ಮಂಜೇಶ್ವರ ತಾಲೂಕಿನಲ್ಲಿ ಗಲ್ಫಿಗೆ ಹೋಗಿ ಬಂದವರಿಲ್ಲದ ಊರು ವಿರಳವಾದುದರಿಂದ, ಇಲ್ಲಿಯ ಶೋಕೇಸುಗಳಲ್ಲಿ ಮಂಗಳೂರಿನ ಅಂಗಡಿಗಳೆಂದೂ ಕಾಣದ ವಸ್ತುಗಳು ಮೌನವಾಗಿ ಕುಳಿತಿರುವುದುಂಟು. ಮೂರನೆಯದು ಉಪ್ಪಳ, ಕುಂಬಳೆ, ವಿಟ್ಲದಂಥ ಪೇಟೆಗಳ ಗುಜರಿ ಅಂಗಡಿ; ಪರಿಚಯವನ್ನು ಬೆಳೆಸಿ, ಇಂಥದು ಬಂದರೆ ತೆಗೆದಿಡಿರೆಂದು ಹೇಳಿಟ್ಟರೆ ಅವರು ತೂಕದ ಲೆಕ್ಕದಲ್ಲಿಯೇ ಕೊಡುವರು. ನಾಲ್ಕನೆಯದು ಜಾತ್ರೆಯ ಸಂತೆ. ಬಾಯಾರಿನ ಪಂಚಲಿಂಗೇಶ್ವರನ ಸನ್ನಿಧಿಯಿರಲಿ, ಕುಂಬಳೆಯ ಗೋಪಾಲಕೃಷ್ಣನ ಬೆಡಿ ಉತ್ಸವವಿರಲಿ, ಆಟಿಕೆಯ ಅಂಗಡಿಗಳ ಸಾಲಿನಲ್ಲಿ ಹಿಂದಿನ ವರ್ಷಗಳ ಉಳಿಕೆಯ ಸರಕು ತಳಭಾಗದಲ್ಲಿ ಬಿದ್ದಿರುವುದುಂಟು. ಜನಸಂದಣಿ ಕರಗಿದ ಮರುದಿನ ಬೆಳಗ್ಗೆ, ಅಂಗಡಿಯವರು ಗಂಟುಕಟ್ಟುವ ಹೊತ್ತಿಗೆ ಹೋದವನಿಗೆ ನೋಡಲು ಪುರುಸೊತ್ತೂ ದೊರೆಯುವುದು, ಬೆಲೆಯೂ ಇಳಿದಿರುವುದು.

ಐದನೆಯದನ್ನು ಬಹುಮಂದಿ ಮರೆಯುತ್ತಾರೆ: ಇಂದಿನ ಅಂಗಡಿ. ಈ ದಿನ ಪೊಟ್ಟಣದೊಡನೆ ಬಿಟ್ಟಿಯಾಗಿ ಬಂದದ್ದನ್ನು ಈ ದಿನವೇ, ಪೊಟ್ಟಣದ ಮೇಲಣ ಕಾಗದದೊಡನೆ ತೆಗೆದಿರಿಸುವುದಕ್ಕಿಂತ ಅಗ್ಗವಾದ ಸಂಗ್ರಹವು ಬೇರೊಂದಿಲ್ಲ.

ಪರೀಕ್ಷಿಸುವ ಕ್ರಮ

ಕಾರು ಕೈಗೆ ಬಂದೊಡನೆ ಅದನ್ನು ಮಗುಚಿ ತಳವನ್ನು ಓದಬೇಕು. ತಯಾರಕನ ಹೆಸರು, ದೇಶ, ಅಚ್ಚಿನ ಸಂಖ್ಯೆ ಇವು ಸಾಮಾನ್ಯವಾಗಿ ಅಲ್ಲಿಯೇ ಇರುತ್ತವೆ. ಆದರೆ ಅಲ್ಲಿ ಕೆತ್ತಿದ ವರ್ಷವನ್ನು ಕಾರು ತಯಾರಾದ ವರ್ಷವೆಂದು ನಂಬಬಾರದು. ಅದು ಆ ವಿನ್ಯಾಸಕ್ಕೆ ಹಕ್ಕು ಪಡೆದ ವರ್ಷವಾಗಿರುವುದೇ ಹೆಚ್ಚು, ಮತ್ತು ಒಂದೇ ಅಚ್ಚು ದಶಕಗಳವರೆಗೆ ದುಡಿಯುವುದುಂಟು. ತರುವಾಯ ಅಳತೆ. ಅರುವತ್ತನಾಲ್ಕರಲ್ಲೊಂದು ಎಂಬ ಪ್ರಮಾಣದಲ್ಲಿ, ಸುಮಾರು ನಾಲ್ಕು ಮೀಟರು ಮೂವತ್ತು ಸೆಂಟಿಮೀಟರು ಉದ್ದದ ಅಂಬಾಸಿಡರು ಆರೂಮುಕ್ಕಾಲು ಸೆಂಟಿಮೀಟರಿಗೆ ಕುಗ್ಗುತ್ತದೆ. ನಲುವತ್ತಮೂರರಲ್ಲೊಂದರಲ್ಲಿ ಹತ್ತು ಸೆಂಟಿಮೀಟರಾಗುತ್ತದೆ. ಹಳೆಯ ಮ್ಯಾಚ್‌ಬಾಕ್ಸ್ ಕಾರುಗಳಿಗೆ ಪೆಟ್ಟಿಗೆಯ ಗಾತ್ರವೇ ಪ್ರಮಾಣವಾದುದರಿಂದ ಅಲ್ಲಿ ಬಸ್ಸೂ ಕಾರೂ ಒಂದೇ ಉದ್ದವಾಗಿದ್ದರೆ ಅದನ್ನು ದೋಷವೆಂದೆಣಿಸಬೇಕಿಲ್ಲ.

ಪ್ರಚಾರದ ಕಾರಿನಲ್ಲಿ ಅದರ ಜೀವಾಳವೆಂದರೆ ಮೈಮೇಲಿನ ಬರಹ. ಅದು ನೇರವಾಗಿ ಮುದ್ರಿಸಿದುದೋ, ಅಂಟಿಸಿದ ಕಾಗದವೋ ಎಂಬುದನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಬೇಕು. ಕಾಗದಕ್ಕೆ ಅಂಚು ಕಾಣುವುದು, ಮುದ್ರಣಕ್ಕೆ ಕಾಣದು. ಸಂಗ್ರಾಹಕರು ಈ ವಿಷಯದಲ್ಲಿ ಮೂರು ದರ್ಜೆಗಳನ್ನು ಮಾಡಿಕೊಂಡಿದ್ದಾರೆ. ತಯಾರಕನೇ ಬರಹವನ್ನು ಮುದ್ರಿಸಿದ್ದರೆ ಅದು ಕೋಡ್ ಒಂದು; ತಯಾರಕನ ಒಪ್ಪಿಗೆಯಿಂದ ಇತರರು ಮಾಡಿದ್ದರೆ ಕೋಡ್ ಎರಡು; ಒಪ್ಪಿಗೆಯಿಲ್ಲದೆ ಯಾರೋ ಬರೆದು ಅಂಟಿಸಿದ್ದರೆ ಕೋಡ್ ಮೂರು. ಮೂರನೆಯದೂ ನಿಷ್ಪ್ರಯೋಜಕವಲ್ಲ, ಸ್ಥಳೀಯವಾದ ಕೈಚಳಕಕ್ಕೆ ಅದು ಸಾಕ್ಷಿಯಾಗಬಹುದು; ಆದರೆ ಮೂರನೆಯದಕ್ಕೆ ಮೊದಲನೆಯದರ ಬೆಲೆಯನ್ನು ಕೊಡಬಾರದು. ತಳವನ್ನು ಮೈಗೆ ಕೂಡಿಸಿರುವ ಮೊಳೆಯ ತಲೆಯಲ್ಲಿ ಕೊರೆದ ಗುರುತೋ ಹೊಸ ತಿರುಪೋ ಕಂಡರೆ, ಯಾರೋ ಬಿಚ್ಚಿ ಜೋಡಿಸಿದ್ದಾರೆಂದು ತಿಳಿಯಬೇಕು.

ವೆಚ್ಚದಲ್ಲಿ ಸಂಯಮ

ಅಗ್ಗದ ವಸ್ತುವಿನ ಸಂಗ್ರಹವು ದುಬಾರಿಯಾಗುವುದು, ವಸ್ತುವಿನಿಂದಲ್ಲ, ಸಂಖ್ಯೆಯಿಂದ. ಕಂಡದ್ದನ್ನೆಲ್ಲ ಕೊಳ್ಳುವವನಿಗೆ ಬೇಗನೆ ಮನೆಯೂ ಸಾಲದು, ಮನಸ್ಸೂ ದಣಿಯುವುದು. ಆದುದರಿಂದ ಆರಂಭದಲ್ಲಿಯೇ ಒಂದು ಸೀಮೆಯನ್ನು ಹಾಕಿಕೊಳ್ಳುವುದು ವಿವೇಕ. ಹಾಲು, ಚಹಾ, ಬಿಸ್ಕತ್ತುಗಳ ಹೆಸರಿರುವ ವ್ಯಾನುಗಳು ಮಾತ್ರ. ಉಪ್ಪಳ-ಕನ್ಯಾನದ ದಾರಿಯಲ್ಲಿ ನಿಜವಾಗಿ ಓಡಿದ ವಾಹನಗಳ ಪ್ರತಿಕೃತಿಗಳು ಮಾತ್ರ. ಹೀಗೆ ಯಾವುದಾದರೊಂದು ಸೂತ್ರ. ಸಪ್ತಭಾಷಾ ಸಂಗಮವೆನಿಸಿದ ಕಾಸರಗೋಡಿಗೆ ವಿಶೇಷವಾಗಿ ಒಪ್ಪುವ ಸೂತ್ರವೊಂದುಂಟು: ಒಂದೊಂದು ಲಿಪಿಯಲ್ಲಿ ಹೆಸರಿರುವ ಒಂದೊಂದು ವಾಹನ. ಕನ್ನಡ, ಮಲಯಾಳ, ಅರಬ್ಬಿ, ದೇವನಾಗರಿಗಳು ಒಂದೇ ಹಲಗೆಯ ಮೇಲೆ ನಿಂತಾಗ ನಮ್ಮ ನಾಡಿನ ಪೇಟೆಬೀದಿಯೇ ಕಿರಿದಾಗಿ ಎದುರಿಗೆ ಬಂದಂತಾಗುವುದು.

ತಿಂಗಳಿಗಿಷ್ಟೆಂದು ಗೊತ್ತುಮಾಡಿದ ಮೊತ್ತವನ್ನು ಮೀರದಿರುವುದು ಎರಡನೆಯ ನಿಯಮ. ‘ಇಷ್ಟೇ ಸಂಖ್ಯೆಯಲ್ಲಿ ತಯಾರಾದುದು’ ಎಂಬ ಪ್ರಮಾಣಪತ್ರವನ್ನು ಕಂಡು ಮರುಳಾಗದಿರುವುದು ಮೂರನೆಯದು; ಬಹುಜನರು ಜೋಪಾನವಾಗಿಟ್ಟ ವಸ್ತು ಎಂದಿಗೂ ದುರ್ಲಭವಾಗುವುದಿಲ್ಲ, ಯಾರೂ ಜೋಪಾನಮಾಡದುದೇ ದುರ್ಲಭವಾಗುವುದು. ಮುಂದೊಮ್ಮೆ ಲಾಭಕ್ಕೆ ಮಾರುವೆನೆಂಬ ಆಸೆಯಿಂದ ಈ ಕೆಲಸಕ್ಕೆ ಕೈಹಾಕುವವರಿಗೆ ಬೇರೆ ದಾರಿಯನ್ನು ನೋಡಿಕೊಳ್ಳಿರೆಂದೇ ನಾನು ಹೇಳುವೆನು.

ತೊಳೆಯುವುದು ಮತ್ತು ಮಳೆಗಾಲದ ರಕ್ಷಣೆ

ಧೂಳನ್ನು ಮೊದಲು ಮೃದುವಾದ ಕುಂಚದಿಂದ ತೆಗೆದು, ಮುದ್ರಿತವಾದ ಲೋಹದ ಕಾರನ್ನು ಉಗುರುಬೆಚ್ಚಗಿನ ನೀರಿಗೆ ಒಂದೆರಡು ತೊಟ್ಟು ಪಾತ್ರೆ ತೊಳೆಯುವ ದ್ರವವನ್ನು ಬೆರೆಸಿ ಒರೆಸಬಹುದು. ಕಾಗದದ ಬರಹವಿದ್ದಲ್ಲಿ ನೀರು ತಾಗಕೂಡದು. ಇರುಸಿನ ಸಂದುಗಳಲ್ಲಿ ತೇವವುಳಿದರೆ ತುಕ್ಕು ಖಂಡಿತವಾದುದರಿಂದ ನೆರಳಿನಲ್ಲಿ ಒಂದು ದಿನ ಒಣಗಿಸಬೇಕು. ಪೆಟ್ರೋಲು, ಥಿನ್ನರು, ಹುಣಸೆಹುಳಿ, ಬೂದಿ ಇವು ನಿಷಿದ್ಧ. ಬಣ್ಣವು ಎದ್ದಿದೆಯೆಂದು ಹೊಸ ಬಣ್ಣವನ್ನು ಬಳಿಯುವುದಂತೂ ಬರಹವುಳ್ಳ ಓಲೆಯನ್ನು ಸುಣ್ಣ ಬಳಿದು ಚೊಕ್ಕಟಮಾಡಿದಂತೆ.

ವರ್ಷಕ್ಕೆ ಸುಮಾರು ೩೫೦೦ ಮಿಲಿಮೀಟರು ಮಳೆ ಸುರಿಯುವ ನಮ್ಮ ಜಿಲ್ಲೆಯಲ್ಲಿ ಸಂಗ್ರಾಹಕನ ನಿಜವಾದ ಪರೀಕ್ಷೆಯು ಆಟಿ ತಿಂಗಳಲ್ಲಿ. ಸತುವಿನ ಎರಕದಲ್ಲಿ ಸೀಸವು ಲೇಶಮಾತ್ರ ಬೆರೆತಿದ್ದರೂ, ತೇವದ ಗಾಳಿಯಲ್ಲಿ ಕಾಲಾಂತರದಲ್ಲಿ ಲೋಹದ ಕಣಗಳ ಸಂಧಿಯು ಸಡಿಲವಾಗಿ, ಮೈ ಉಬ್ಬಿ ಬಿರಿದು, ಕಡೆಗೆ ಹುಡಿಯಾಗಿ ಉದುರುವುದು. ಎರಡನೆಯ ಮಹಾಯುದ್ಧಕ್ಕೆ ಮುಂಚಿನ ಡಿಂಕಿ ಕಾರುಗಳು ಹಲವು ಹೀಗೆಯೇ ಗತಿಸಿದವು. ಇದಕ್ಕೆ ಔಷಧವಿಲ್ಲ, ಶುಷ್ಕವಾದ, ಏರಿಳಿತವಿಲ್ಲದ ಹವೆಯಲ್ಲಿಟ್ಟು ನಿಧಾನಗೊಳಿಸಬಹುದಷ್ಟೆ. ಗಾಳಿಯಾಡದ ಮುಚ್ಚಳವುಳ್ಳ ಡಬ್ಬಿಯಲ್ಲಿ, ಔಷಧದ ಸೀಸೆಗಳಲ್ಲಿಯೂ ಪಾದರಕ್ಷೆಯ ಪೆಟ್ಟಿಗೆಗಳಲ್ಲಿಯೂ ಬರುವ ಸಿಲಿಕಾ ಜೆಲ್ಲಿನ ಪೊಟ್ಟಣಗಳನ್ನು ಕೂಡಿಟ್ಟರೆ ಅವು ತೇವವನ್ನು ಹೀರುವುವು. ವರ್ಷಕ್ಕೊಮ್ಮೆ ಹೊಸ ಪೊಟ್ಟಣಗಳನ್ನು ಇಡಬೇಕು. ಬಟ್ಟೆಯ ಕಪಾಟಿನಲ್ಲಿ ಹಾಕುವ ಡಾಂಬರುಗುಳಿಗೆಯು ಕೆಲವು ಬಗೆಯ ಪ್ಲಾಸ್ಟಿಕ್ಕನ್ನು ಮೆತ್ತಗಾಗಿಸುವುದರಿಂದ ಅದನ್ನು ಸಮೀಪಕ್ಕೂ ತರಬಾರದು. ವೃತ್ತಪತ್ರಿಕೆಯಲ್ಲಿ ಸುತ್ತಿದರೆ ಮಸಿ ಅಂಟುವುದು. ಒಗೆದ ಹಳೆಯ ಹತ್ತಿಯ ಬಟ್ಟೆಯೇ ಉತ್ತಮ.

ಮೆದುವಾದ ಟಯರುಗಳ ಬಗೆಗೂ ಎಚ್ಚರವಿರಬೇಕು. ಅವುಗಳಿಂದ ಒಸರುವ ಎಣ್ಣೆಯಂಥ ದ್ರವ್ಯವು ತಾಗಿದಲ್ಲೆಲ್ಲ ಗಟ್ಟಿ ಪ್ಲಾಸ್ಟಿಕ್ಕನ್ನು ಕರಗಿಸಿ ಗುಳಿಬೀಳಿಸುವುದರಿಂದ, ಕಾರನ್ನು ಪ್ಲಾಸ್ಟಿಕ್ಕಿನ ಹಲಗೆಯ ಮೇಲೆ ನೇರವಾಗಿ ನಿಲ್ಲಿಸದೆ ನಡುವೆ ಬಿಳಿಯ ಕಾಗದವನ್ನು ಹಾಸಬೇಕು. ಹಂಚಿನ ಮಾಡಿನ ಅಟ್ಟವು ಮಾರ್ಚಿಯಿಂದ ಮೇ ತಿಂಗಳವರೆಗೆ ಕುಲುಮೆಯಾಗುವುದು; ಎ.ಎಂ.ಟಿ.ಯವರ ಮೊದಮೊದಲ ಪ್ಲಾಸ್ಟಿಕ್ ಕಾರುಗಳು ಅಸಿಟೇಟ್ ಎಂಬ ಬಗೆಯವಾದುದರಿಂದ ತಾವಾಗಿಯೇ ಸೊಟ್ಟಗಾದುವೆಂಬುದನ್ನು ನೆನೆದು, ಪ್ಲಾಸ್ಟಿಕ್ಕಿನವನ್ನು ಅಟ್ಟದಿಂದ ಕೆಳಗಿಳಿಸಿ, ಬಿಸಿಲು ಬೀಳದ ಒಳಕೋಣೆಯ ಕಪಾಟಿನಲ್ಲಿಡುವುದು ಲೇಸು.

ದಾಖಲೆಯ ಪುಸ್ತಕ

ಇನ್ನು ಹೇಳಬೇಕಾದುದು ಎಲ್ಲಕ್ಕಿಂತ ಮುಖ್ಯವಾದುದು. ನನ್ನ ಪೆಟ್ಟಿಗೆಯಲ್ಲಿ ಬಣ್ಣ ಮಾಸಿದ ಹಸುರು ವ್ಯಾನೊಂದುಂಟು. ಗಲ್ಫಿನಲ್ಲಿದ್ದ ಮಾವನವರು ರಜೆಯಲ್ಲಿ ಬಂದಾಗ ತಂದುದೆಂಬಷ್ಟು ಮಾತ್ರ ಮನೆಯವರಿಗೆ ಗೊತ್ತು. ಅದರ ಪಕ್ಕೆಯಲ್ಲಿ ಅರಬ್ಬಿ ಅಕ್ಷರಗಳಿದ್ದುವು. ನೆರೆಯ ಮದ್ರಸದ ಉಸ್ತಾದರಲ್ಲಿಗೆ ಕೊಂಡುಹೋಗಿ ತೋರಿಸಿದೆ. ಅವರು ಕನ್ನಡಕವನ್ನು ಸರಿಪಡಿಸಿಕೊಂಡು, ಒಂದೊಂದಾಗಿ ಅಕ್ಷರಗಳನ್ನು ಕೂಡಿಸಿ, ಇದು ಹಾಲಿನ ಹುಡಿಯ ವ್ಯಾಪಾರಿಯ ಹೆಸರೆಂದು ಓದಿ ಹೇಳಿದರು. ಹೆಸರು ತಿಳಿಯಿತು. ಆದರೆ ಎಷ್ಟು ಡಬ್ಬಿ ಕೊಂಡುದಕ್ಕೆ ಇದು ದೊರೆಯಿತು, ಯಾವ ಊರಿನ ಯಾವ ಅಂಗಡಿಯಲ್ಲಿ, ಆ ದೂರದೇಶದ ಕೋಣೆಯಲ್ಲಿ ಒಬ್ಬಂಟಿಯಾಗಿದ್ದವರು ಇದನ್ನು ಯಾವ ಮಗುವನ್ನು ನೆನೆದು ತೆಗೆದಿಟ್ಟರು, ಇದನ್ನು ಹೇಳಬಲ್ಲವರು ಅವರೊಬ್ಬರೇ. ನಾನು ಕೇಳಬೇಕೆಂದು ಎಣಿಸುವಷ್ಟರಲ್ಲಿ ಅವರು ತೀರಿಕೊಂಡಿದ್ದರು.

ಅಂದಿನಿಂದ ನಾನು ಗೆರೆಯೆಳೆದ ಒಂದು ದಪ್ಪ ಪುಸ್ತಕವನ್ನಿಟ್ಟುಕೊಂಡಿದ್ದೇನೆ. ಅದರಲ್ಲಿ ಪ್ರತಿಯೊಂದು ಕಾರಿಗೂ ಒಂದು ಕ್ರಮಸಂಖ್ಯೆ. ಅದರ ಎದುರಿಗೆ ತಯಾರಕನ ಹೆಸರು, ತಳದ ಬರಹ, ಉದ್ದ, ಪಕ್ಕೆಯ ಮೇಲಣ ಹೆಸರು ಹಾಗೂ ಲಿಪಿ, ಬಣ್ಣ, ಊನಗಳು, ಕೈಸೇರಿದ ದಿನ, ಕೊಟ್ಟ ಬೆಲೆ. ಕೊನೆಯಲ್ಲಿ ಎಲ್ಲಕ್ಕಿಂತ ಅಗಲವಾದ ಕೋಷ್ಠವೊಂದು, ಯಾರು ಕೊಟ್ಟರು, ಅವರಿಗೆ ಹೇಗೆ ದೊರೆಯಿತು ಎಂಬುದಕ್ಕೆ. ಕೊಡುವವರು ಹೇಳಿದ ಮಾತನ್ನು ಅವರದೇ ಭಾಷೆಯಲ್ಲಿ, ತುಳುವಾಗಲಿ ಮಲಯಾಳವಾಗಲಿ ಬ್ಯಾರಿಯಾಗಲಿ, ಕನ್ನಡ ಲಿಪಿಯಲ್ಲಿ ಆ ದಿನವೇ ಬರೆದುಕೊಳ್ಳುವುದು ನನ್ನ ಪದ್ಧತಿ. ಕ್ರಮಸಂಖ್ಯೆಯನ್ನು ಕಾರಿನ ಮೇಲೆ ಬರೆಯಬಾರದು, ಅಂಟುಚೀಟಿಯನ್ನೂ ಹಚ್ಚಬಾರದು. ನೂಲಿನಿಂದ ಇರುಸಿಗೆ ಸಡಿಲವಾಗಿ ಕಟ್ಟಿದ ಸಣ್ಣ ಚೀಟಿಯೊಂದು ಸಾಕು. ಮೊಬೈಲಿನಲ್ಲಿ ಮುಂಭಾಗ, ಎರಡು ಪಕ್ಕೆಗಳು, ತಳ ಎಂದು ನಾಲ್ಕು ಚಿತ್ರಗಳನ್ನು ತೆಗೆದು, ಕಡತಕ್ಕೆ ಅದೇ ಸಂಖ್ಯೆಯನ್ನು ಕೊಟ್ಟರೆ ಹುಡುಕುವುದು ಸುಲಭ.

ಮಕ್ಕಳ ವಿಷಯ

ಆಟಿಕೆಯನ್ನು ಮಕ್ಕಳಿಗೆ ಮುಟ್ಟಗೊಡದೆ ಕೂಡಿಡುವುದು ಸರಿಯೇ ಎಂಬ ಪ್ರಶ್ನೆಗೆ ನನ್ನ ಉತ್ತರ ಇಷ್ಟು. ಹಳೆಯ ಕಾರುಗಳ ಬಣ್ಣದಲ್ಲಿ ಸೀಸವಿರಬಹುದಾದುದರಿಂದಲೂ, ಸಣ್ಣ ಗಾಲಿಗಳು ಗಂಟಲಿಗೆ ಸಿಕ್ಕಬಹುದಾದುದರಿಂದಲೂ, ಅವನ್ನು ಎಳೆಯರ ಕೈಗೆ ಕೊಡಬಾರದು. ನಾವೂ ಮುಟ್ಟಿದ ಮೇಲೆ ಕೈತೊಳೆಯಬೇಕು. ಆಟಕ್ಕಾಗಿ ಹೊಸದನ್ನೇ ತರಬೇಕು. ನಮ್ಮ ದೇಶದಲ್ಲಿ ೨೦೨೧ರ ಜನವರಿ ೧ರಿಂದ ಆಟಿಕೆಗಳಿಗೆ ಐ.ಎಸ್.ಐ. ಗುರುತು ಕಡ್ಡಾಯವಾಗಿರುವುದರಿಂದ ಅದನ್ನು ನೋಡಿಯೇ ಕೊಳ್ಳಬೇಕು. ಒಂದೇ ಬಗೆಯವು ಎರಡು ದೊರೆತಾಗ ಒಂದನ್ನು ಪೆಟ್ಟಿಗೆಗೂ ಇನ್ನೊಂದನ್ನು ಅಂಗಳಕ್ಕೂ ಕೊಡುವುದು ನಮ್ಮ ಮನೆಯ ರೂಢಿ. ಶಾಲೆಗೆ ಹೋಗುವ ವಯಸ್ಸಿನ ಮಕ್ಕಳಿಗೆ ದಾಖಲೆಯ ಪುಸ್ತಕವನ್ನು ಬರೆಯುವ ಕೆಲಸವನ್ನೊಪ್ಪಿಸಿದರೆ, ಅಳತೆ, ಲಿಪಿ, ಭೂಗೋಳಗಳು ಅವರಿಗೆ ಅರಿವಿಲ್ಲದಂತೆಯೇ ಒಲಿಯುವುವು. ಅದಕ್ಕಿಂತ ಮಿಗಿಲಾಗಿ, ಹಿರಿಯರ ಬಳಿಗೆ ಹೋಗಿ ಕೇಳುವ ಅಭ್ಯಾಸವು ಬೆಳೆಯುವುದು.

ಆರಂಭಿಸಲು ಬೇಕಾದುದು ಒಂದು ಡಬ್ಬಿ, ಒಂದು ಪುಸ್ತಕ, ಒಂದು ಕುಂಚ. ಹಣವು ಆಮೇಲಿನ ಮಾತು. ನಿಮ್ಮ ಮನೆಯಲ್ಲಿ ಇಂಥ ಕಾರು ಒಂದೇ ಒಂದಿದ್ದರೂ, ಅದನ್ನು ತಂದವರು ಇನ್ನೂ ಜಗಲಿಯಲ್ಲಿ ಕುಳಿತು ಎಲೆಯಡಿಕೆ ಹಾಕಿಕೊಳ್ಳುತ್ತಿದ್ದರೆ, ಇಂದು ಸಂಜೆಯೇ ಅದನ್ನು ಅವರ ಅಂಗೈಯಲ್ಲಿಟ್ಟು, ಇದು ಹೇಗೆ ಬಂತೆಂದು ಕೇಳಿ ಬರೆದುಕೊಳ್ಳಿರಿ. ನನ್ನ ಪುಸ್ತಕದ ಮೊದಲ ಪುಟದಲ್ಲಿ, ಹಸುರು ವ್ಯಾನಿನ ಎದುರಿಗೆ, ಕೊನೆಯ ಆ ಅಗಲವಾದ ಕೋಷ್ಠದಲ್ಲಿ ‘ಮಾವ ತಂದದ್ದು’ ಎಂಬ ಎರಡೇ ಶಬ್ದಗಳಿವೆ; ಉಳಿದುದೆಲ್ಲ ಖಾಲಿ.